ಬಿಸಿಲಿಗೆ ತಪ್ಪಿದ ಕೆಲಸ

ನಾನು ಅರ್ಥಶಾಸ್ತ್ರ ಓದಿದವಳು. ಬೇಸಿಗೆ ಹೀಗೇ ಏರುತ್ತ ಹೋದರೆ ರಾಜ್ಯದ ಆದಾಯಕ್ಕೆ ಎಷ್ಟು ಪೆಟ್ಟು, ಅದನ್ನು ತಾಳಿಕೊಳ್ಳಲು ಬಜೆಟ್ಟಿನಲ್ಲಿ ಎಲ್ಲಿಗೆ ಏನು ಇಡಬೇಕು ಎಂದು ಹೇಳುವುದು ನನ್ನ ಕೆಲಸ. ಹುಟ್ಟಿದ್ದು ಚಿತ್ತಾಪುರದಲ್ಲಿ. ಹಾಗಾಗಿ ನಮ್ಮ ಕಡೆಯ ಸಮೀಕ್ಷೆಗೆ ನಾನೇ ಹೋಗುತ್ತೇನೆಂದು ಹಟ ಹಿಡಿದೆ. ನಮ್ಮ ಬಿಸಿಲು ನನಗೆ ಗೊತ್ತು ಎಂಬ ಜಂಬ ಬೇರೆ.

ಶಹಾಬಾದಿನ ಹತ್ತಿರದ ಒಂದು ಕಲ್ಲುಗಣಿಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಕಲ್ಲು, ಹೊರುವ ಹೆಂಗಸೊಬ್ಬಳ ಎದುರು ಕೂತೆ. ನೆರಳೆಂದರೆ ಪೇರಿಸಿಟ್ಟ ಕಲ್ಲಿನ ಮಗ್ಗುಲಿಗೆ ಒಂದು ಮೊಳ, ಅಷ್ಟೇ. ಬಿಸಿಲಿನ ಪೆಟ್ಟು ಬಿದ್ದ ಜಾಗಗಳ ಸರಕಾರಿ ಪಟ್ಟಿಗೆ ಈ ಗಣಿ ಸೇರಿದರೆ ಇಲ್ಲೊಂದು ಚಪ್ಪರ, ಕುಡಿಯುವ ನೀರು, ಕೂಲಿ ಕಡಿಯದೆ ಮಧ್ಯಾಹ್ನ ಎರಡು ತಾಸಿನ ಬಿಡುವು ಸಿಗುತ್ತದೆ ಎಂದು ವಿವರಿಸಿದೆ.

“ನೆರಳೊಂದ್ ಮಾಡಿಸಿಕೊಡ್ರಿ ಮೇಡಂ, ಭಾಳ ಪುಣ್ಯ ಬರ್ತದ,” ಎಂದಳು.

ನಾನು ಫಾರ್ಮ್ ತೆಗೆದೆ. “ಈ ಬ್ಯಾಸಗಿ ಬಿಸಿಲಿಗಿ ಎಷ್ಟ್ ದಿನ ಕೆಲಸ ತಪ್ಪ್ಯಾದ ಅಕ್ಕಾ?”

“ಒಂದ್ ದಿನಾನೂ ಇಲ್ರಿ! ಹದ್ನೈದ್ ವರ್ಷದಿಂದ ಕಲ್ಲ ಹೊರಾಕತ್ತೀನಿ. ಹೋದ ವಾರ ವಾಂತಿ ಆಯ್ತು, ಕಣ್ಣಿಗಿ ಕತ್ಲ ಬಂತು. ಟಾವೆಲ್ ತೋಯಿಸಿ ತಲಿ ಮ್ಯಾಲ ಹಾಕ್ಕೊಂಡು ಮತ್ತ ಹೊತ್ತೀನಿ. ಬೇಕಾದ್ರ ಮುಕಾದಮಗ ಕೇಳ್ರಿ, ನಾ ಸೂಟಿ ಮಾಡಾಕಿ ಅಲ್ಲ.”

ವಾಂತಿಗೆ ಫಾರ್ಮಿನಲ್ಲಿ ಜಾಗವಿರಲಿಲ್ಲ. ಸೊನ್ನೆ ಬರೆದೆ. ಉಳಿದ ಹೆಂಗಸರದೂ ಅದೇ ಉತ್ತರ, ಅವರಿಗೂ ಸೊನ್ನೆ. ಒಂದು ದಿನ ತಪ್ಪಿಸಿದರೆ ಮಾರನೆಯ ದಿನ ಕೂಲಿಯವರ ಮೇಲಿನ ಮುಕಾದಮ ಬೇರೆಯವರನ್ನು ಕರೆಯುತ್ತಾನೆಂದು ಗೊತ್ತಿದ್ದೂ ಸೊನ್ನೆಯನ್ನೇ ಬರೆದೆ. ನನ್ನ ಕೈಗೆ ಬರೆ ಹಾಕಬೇಕಿತ್ತು.

ತಪ್ಪಿದ ದಿನಗಳ ಲೆಕ್ಕ ಸೊನ್ನೆಯಾದ್ದರಿಂದ ವರದಿಯಲ್ಲಿ ಕಲ್ಲುಗಣಿಯ ಮುಂದೆ ‘ಪರಿಣಾಮವಿಲ್ಲ’ ಎಂದು ಬಂತು. ಗಣಿ ಪಟ್ಟಿಗೆ ಸೇರಲಿಲ್ಲ. ಮೇಲಧಿಕಾರಿಯ ಮುಂದೆ ಕೂಗಾಡಿದೆ: ಕೇಳಿದ ಪ್ರಶ್ನೆಯೇ ತಪ್ಪು, ಇನ್ನೊಮ್ಮೆ ಹೋಗಿ ಬೇರೆ ಥರ ಕೇಳಿ ಬರುತ್ತೇನೆ ಎಂದೆ.

“ಆ ಜನ ಬಿಸಿಲಿಗೆ ಒಗ್ಗಿಹೋಗಿದ್ದಾರಮ್ಮ. ನಾವು ಹವಾಮಾನಕ್ಕೆ ಹೊಂದಿಕೊಳ್ಳೋದು ಅಂತ ಬರೀತೀವಲ್ಲ, ಅದು ಇದೇ ಅಲ್ವಾ?” ಎಂದರು. ವ್ಯಂಗ್ಯವಲ್ಲ, ಮೆಚ್ಚಿಕೊಂಡೇ ಹೇಳಿದರು. ಅದಕ್ಕೇ ನನ್ನ ಮೈ ಹೆಚ್ಚು ಉರಿಯಿತು.

ರಜೆ ಹಾಕಿ ಮತ್ತೆ ಗಣಿಗೆ ಹೋದೆ. ಚಪ್ಪರ ಬರುವುದಿಲ್ಲ, ಬಿಡುವೂ ಇಲ್ಲ, ನೀವು ಒಂದು ದಿನವೂ ತಪ್ಪಿಸಿಲ್ಲವಲ್ಲ, ಅದಕ್ಕೇ ಎಂದು ಅದೇ ಹೆಂಗಸಿನ ಮುಂದೆ ಒದರಿದೆ. ಸಿಟ್ಟಿನ ಭರದಲ್ಲಿ ತಪ್ಪನ್ನು ಆಕೆಯ ತಲೆಗೇ ಕಟ್ಟಿದ್ದೆ.

ಆಕೆ ಹೊತ್ತ ಕಲ್ಲನ್ನು ಇಳಿಸಿ ನನ್ನನ್ನೇ ನೋಡಿದಳು.

“ಹಂಗಾದ್ರ ನಾವು ಮನ್ಯಾಗ ಕುಂತಿದ್ರ ನೆರಳ ಬರ್ತಿತ್ತೇನ್ರಿ?”

“ಹೌದು,” ಎಂದೆ. ನನ್ನ ವರದಿಯ ಪ್ರಕಾರ ಅದೇ ಸರಿಯುತ್ತರ.