ಮೂಸಕ್ಕನ ಮೇಜು

ರಿಮ್ಯಾಂಡ್ ಹೋಮಿನ ಗೇಟಿಗೆ ಅಂಟಿಕೊಂಡಂತೆ ಒಂದು ಇಕ್ಕಟ್ಟಾದ ಕೋಣೆ. ಕೋಣೆಯಲ್ಲಿ ಒಂದು ತಗಡಿನ ಮೇಜು, ಮೇಜಿನ ಹಿಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಮೂಸಕ್ಕ. ಒಳಗಿರುವ ಮಕ್ಕಳನ್ನು ನೋಡಲು ಬಂದ ತಾಯಂದಿರು ಮೊದಲು ಅವಳ ಮುಖ ನೋಡಬೇಕಿತ್ತು. ನೋಡಿ ಖುಷಿಪಟ್ಟವರು ಯಾರೂ ಇರಲಿಲ್ಲ.

ಹೊರಗಿನಿಂದ ತಿನ್ನುವ ಪದಾರ್ಥ ಏನನ್ನೂ ಒಳಗೆ ಬಿಡುತ್ತಿರಲಿಲ್ಲ. ಬಟ್ಟೆಗೆ ಮಾತ್ರ ಅನುಮತಿ. ಆ ಬಟ್ಟೆಯನ್ನು ಮೂಸಕ್ಕ ಕೊಡವಿ, ಮಡಿಕೆ ಬಿಡಿಸಿ, ಮೂಗಿಗೆ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು. ಮೂಸಿದರೆ ಮತ್ತೇರುವ ಪೇಂಟಿನ ಥಿನ್ನರನ್ನು ಟವೆಲಿಗೆ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದವರನ್ನು ಹಿಡಿದಿದ್ದಳು. ಜೇಬಿನ ಒಳಮೈಗೆ ಪಂಕ್ಚರ್ ಹಾಕುವ ಸೊಲ್ಯೂಷನ್ ಬಳಿದು ತಂದ ಒಬ್ಬ ಅಣ್ಣನನ್ನು, ಅವನು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, "ನೀನು ಹಾಗೇ ವಾಪಸ್ ನಡಿ" ಎಂದು ಅಟ್ಟಿದ್ದಳು. ಅವಳಿಗೊಂದು ಹೆಸರಿತ್ತು. ಅದು ಯಾರಿಗೂ ಬೇಕಿರಲಿಲ್ಲ. ತಾಯಂದಿರು ಇಟ್ಟ ಮೂಸಕ್ಕ ಎಂಬ ಹೆಸರೇ ಹೋಮು ನಡೆಸುವ ಸಾಹೇಬರ ಬಾಯಿಗೂ ಬಂದುಬಿಟ್ಟಿತ್ತು.

ಆ ಮೂಗು ದೇವರು ಕೊಟ್ಟದ್ದು, ಪಳಗಿಸಿದ್ದು ಅವಳ ಗಂಡ. ಅವನು ಬದುಕಿದ್ದಷ್ಟು ಕಾಲ ಸಂಜೆ ಬಾಗಿಲು ತೆರೆಯುವಾಗಲೇ ಅವನು ಏನು ಕುಡಿದಿದ್ದಾನೆ, ಎಷ್ಟು ಕುಡಿದಿದ್ದಾನೆ, ಈ ರಾತ್ರಿ ಮಗನನ್ನು ಪಕ್ಕದ ಮನೆಯಲ್ಲಿ ಮಲಗಿಸಬೇಕೋ ಬೇಡವೋ ಎಂಬುದನ್ನು ಅವಳು ಒಂದೇ ಉಸಿರಿಗೆ ತಿಳಿದುಕೊಳ್ಳಬೇಕಿತ್ತು. ಅವನು ಸತ್ತ ಮೇಲೆ ಈ ಹೋಮಿನಲ್ಲಿ ಕಸ ಗುಡಿಸಲು ಸೇರಿದಳು. ಒಂದು ದಿನ ಪೊರಕೆ ಹಿಡಿದುಕೊಂಡೇ, ಕಾವಲುಗಾರ ಒಳಗೆ ಬಿಟ್ಟ ಚೀಲವನ್ನು ತೋರಿಸಿ, "ಅದರಲ್ಲಿ ಪೇಂಟಿನ ಅಂಗಡಿ ಇದೆ ನೋಡಿ" ಎಂದಳು. ಅಂದಿನಿಂದ ಪೊರಕೆ ಹೋಗಿ ಕುರ್ಚಿ ಬಂತು. ಮನೆಯಲ್ಲಿ ಸೊಸೆಯ ಮುಂದೆ ಆ ಕುರ್ಚಿಯ ಗತ್ತನ್ನು ಅವಳು ಚೆನ್ನಾಗಿಯೇ ತೋರಿಸುತ್ತಿದ್ದಳು.

ಒಳಗೆ, ಅಂಗಳದ ಆಚೆ ತುದಿಯಲ್ಲಿ, ಚಟ ಬಿಡಿಸುವ ಕೋಣೆಯಿತ್ತು. ಹುಡುಗರು ಅದನ್ನು ಬೆವರು ಕೋಣೆ ಎನ್ನುತ್ತಿದ್ದರು. ಅಲ್ಲಿ ಇದ್ದದ್ದು ಕೆಲವೇ ಮಂಚ. ಡಾಕ್ಟರಮ್ಮ ದಿನಾ ಬಂದು ಮಾತ್ರೆ ಕೊಟ್ಟು, ಕೂರಿಸಿ ಮಾತಾಡಿಸಿ, ನಡುಗುವವರನ್ನು ನಡುಗಲು ಬಿಟ್ಟು, ವಾಂತಿ ಮಾಡುವವರಿಗೆ ನೀರು ಕುಡಿಸಿ ನೋಡಿಕೊಳ್ಳುತ್ತಿದ್ದಳು. ಉಳಿದ ಹುಡುಗರೆಲ್ಲ ದೊಡ್ಡ ಹಾಲಿನಲ್ಲಿ. ಆ ಹಾಲಿನಲ್ಲಿ ದಾದಾಗಳದ್ದೇ ರಾಜ್ಯ. ಬೇಕೆಂದವನಿಗೆ ಎಲ್ಲಿಂದಲೋ ಎಲ್ಲವೂ ಸಿಗುತ್ತಿತ್ತು. ಸಾಹೇಬರ ನಿಯಮ ಒಂದೇ. ಬೆವರು ಕೋಣೆಯಲ್ಲಿದ್ದುಕೊಂಡು ಕದ್ದು ಮೂಸಿದವನಿಗೆ ಮಂಚ ಇಲ್ಲ. ದೊಡ್ಡ ಹಾಲಿಗೆ ನಡಿ.

ಆ ಕೋಣೆಗೆ ಬಂದ ಒಬ್ಬ ಹುಡುಗನ ಅಡ್ಡಹೆಸರು ಪಂಕ್ಚರ್. ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದು, ಟ್ಯೂಬಿಗೆ ಹಚ್ಚಬೇಕಾದ ಸೊಲ್ಯೂಷನನ್ನು ಕವರಿಗೆ ಸುರಿದು ಮೂಸುತ್ತಾ, ಕೊನೆಗೆ ಅದೇ ಅಂಗಡಿಯ ಬಾಗಿಲು ಮುರಿದು ಸಿಕ್ಕಿಬಿದ್ದವನು. ಬಂದ ದಿನವೇ ಮೂಸಕ್ಕ ಅವನ ಅಂಗಿ ಮೂಸುತ್ತಿದ್ದಾಗ ಅವನೂ ಬಗ್ಗಿ ಅವಳ ಭುಜವನ್ನು ನಾಯಿಯ ಹಾಗೆ ಮೂಸಿ, "ಬೌ" ಎಂದ. ಕಾವಲುಗಾರರು ನಕ್ಕರು. ಅಲ್ಲಿಂದ ಮುಂದೆ ಅವಳು ಕಂಡಾಗಲೆಲ್ಲ ಅವನು ಬೊಗಳುತ್ತಿದ್ದ. ಅವಳು ಅದನ್ನು ಮರೆಯಲಿಲ್ಲ. ಮರೆಯುವ ಜಾತಿಯ ಹೆಂಗಸಲ್ಲ ಅವಳು.

ಅವನ ತಾಯಿ ದರ್ಜಿ. ಮಗನಿಗಿಂತ ಒಂದು ಕೈ ಮೇಲು. "ನಾನು ಹೊಲಿದಿದ್ದನ್ನ ಹೊಸ ಮದುಮಗಳು ತೊಡ್ತಾಳೆ, ನೀನು ಮೂಗು ಒರೆಸ್ಕೋತೀಯ" ಎಂದು ಮೂಸಕ್ಕನಿಗೆ ಚುಚ್ಚುತ್ತಿದ್ದಳು. ಆಕೆಯ ಕೈಗೆ ಯಾವಾಗಲೂ ಮೆಷಿನ್ ಎಣ್ಣೆಯ ವಾಸನೆ. ಮೂಸಕ್ಕ, "ಆ ಎಣ್ಣೆ ಕೈಯಲ್ಲಿ ನನ್ನ ಮೇಜು ಮುಟ್ಬೇಡ" ಎನ್ನದೆ ಬಿಟ್ಟ ದಿನವೇ ಇರಲಿಲ್ಲ.

ಹೀಗಿರುವಾಗ ಮೂಸಕ್ಕನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಅದು ಗೊತ್ತಾದದ್ದು ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾದಾಗ. ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದ ಅವಳಿಗೆ ಏನೂ ತಿಳಿಯಲಿಲ್ಲ. ಸೊಸೆ ಹೊರಗಿನಿಂದ ಓಡಿ ಬಂದಳು.

"ಬೀದಿ ಕೊನೆವರೆಗೂ ನಾತ ಹೊಡೀತಿದೆ, ನೀವು ಇಲ್ಲೇ ಕೂತಿದ್ದೀರಲ್ಲ ಅತ್ತೆ?"

"ನೆಗಡಿ."

"ನೆಗಡಿ ಹೋಗಿ ಎಷ್ಟೋ ದಿನ ಆಯ್ತು." ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಸೀದ ಪಾತ್ರೆಗೆ ನೀರು ಬಿಡುತ್ತಾ, "ಮೂಗು ಹೋದ್ರೂ ಚಿಂತೆ ಇರ್ಲಿಲ್ಲ, ಜೊತೆಗೆ ನಾಲಿಗೆನೂ ಹೋಗಿದ್ರೆ ಮನೆಗೆ ನೆಮ್ಮದಿ" ಎಂದಳು.

ಮೂಸಕ್ಕ ಸೋಪು ಮೂಸಿದಳು, ಸೀಮೆಎಣ್ಣೆ ಮೂಸಿದಳು, ಚಪ್ಪಲಿಯನ್ನೂ ಮೂಸಿದಳು. ಎಲ್ಲವೂ ಬರೀ ಗಾಳಿ. ಮೂಗಿಲ್ಲದವಳಿಗೆ ಆ ಕುರ್ಚಿ ಯಾರು ಕೊಡುತ್ತಾರೆ? ಮತ್ತೆ ಪೊರಕೆ, ಮನೆಯಲ್ಲಿ ಸೊಸೆಯ ನಗು. ಅವಳು ಯಾರಿಗೂ ಹೇಳಲಿಲ್ಲ. ಬದಲಿಗೆ ಮೇಜಿನ ಪಕ್ಕ ಒಂದು ದೊಡ್ಡ ಟಬ್ಬು ತಂದಿಟ್ಟು, ಅದರ ತುಂಬ ಸೋಪಿನ ನೀರು ಕಲಸಿದಳು. ಬಂದ ಬಟ್ಟೆಯನ್ನೆಲ್ಲ ಮೂಸಿದ ಹಾಗೆ ಮಾಡಿ ಅದರಲ್ಲಿ ಅದ್ದಿ ಹಿಂಡತೊಡಗಿದಳು. ಏನಿದ್ದರೂ ನೀರಿನಲ್ಲಿ ಹೋಗಲಿ ಎಂಬ ಲೆಕ್ಕಾಚಾರ.

ಗೇಟಿನಲ್ಲಿ ರಂಪವೇ ಆಯಿತು. "ಈ ಚಳೀಲಿ ಹುಡುಗ ಒದ್ದೆ ಅಂಗಿ ಹಾಕ್ಕೊಂಡು ಸಾಯ್ಲಾ?" "ನಿಮ್ಮಪ್ಪನ ಮನೆ ಬಟ್ಟೆ ಅಂದ್ಕೊಂಡಿದ್ದೀಯ?" ಒಬ್ಬಳು ಟಬ್ಬಿಗೆ ಉಗಿದಳು. ಮೂಸಕ್ಕ ಆ ನೀರು ಚೆಲ್ಲಿ ಬೇರೆ ತುಂಬಿಸಿದಳು. ತಾಯಂದಿರು ಗುಂಪಾಗಿ ಸಾಹೇಬರ ಬಳಿ ದೂರು ಒಯ್ದರು. "ಅವಳ ಮೂಗಿನ ಮೇಲೆ ನಿಮಗೆಲ್ಲ ಮೊದಲಿಂದ ಹೊಟ್ಟೆಕಿಚ್ಚು" ಎಂದು ಸಾಹೇಬರು ಅಟ್ಟಿಬಿಟ್ಟರು.

ದರ್ಜಿ ಮಾತ್ರ ಜಗಳಕ್ಕೆ ಹೋಗದೆ ಸುಮ್ಮನೆ ನಿಂತು ನೋಡುತ್ತಿದ್ದಳು. ಅಂದು ಆಕೆಯ ಕೈಯೆಲ್ಲ ಎಣ್ಣೆ. ಮೆಷಿನ್ ಬಿಚ್ಚಿ ರಿಪೇರಿ ಮಾಡಿ, ತೊಳೆಯದೆ ಬಂದಿದ್ದಳು. ಆಕೆ ಕೊಟ್ಟ ಅಂಗಿಯನ್ನು ಮೂಸಕ್ಕ ಮೂಗಿಗೆ ಒತ್ತಿ, ಕಣ್ಣು ಮುಚ್ಚಿ, "ಸರಿ" ಎಂದು ನೀರಿಗೆ ಅದ್ದಿದಳು. ಬೈಗುಳ ಬರಲಿಲ್ಲ. ದರ್ಜಿ ಹುಬ್ಬೇರಿಸಿದಳು. ಆಮೇಲೆ ಮಗನನ್ನು ನೋಡಲು ಒಳಗೆ ಹೋದಳು.

ಮುಂದಿನ ಭೇಟಿಗೆ ಆಕೆ ಒಂದು ಹೊಸ ಅಂಗಿ ತಂದಳು. ಮೂಸಕ್ಕ ಅದನ್ನು ಮೂಸಿದಳು, ಅದ್ದಿದಳು, ಹಿಂಡಿ ಕಳಿಸಿದಳು.

ಮಾರನೆಯ ದಿನ ಬೆವರು ಕೋಣೆಗೆ ಬಂದ ಡಾಕ್ಟರಮ್ಮನಿಗೆ ಬಾಗಿಲಲ್ಲೇ ಸೊಲ್ಯೂಷನ್ ವಾಸನೆ ಹೊಡೆಯಿತು. ಪಂಕ್ಚರ್ ಮಂಚದ ಮೇಲೆ ಕಣ್ಣು ಮೇಲೆ ಮಾಡಿಕೊಂಡು ಬಿದ್ದಿದ್ದ. ಹುಡುಕಿದರೆ ಏನೂ ಇಲ್ಲ. ಇದ್ದದ್ದನ್ನು ಪಾಯಿಖಾನೆಗೆ ಹಾಕಿ ನೀರು ಸುರಿದಿದ್ದ. ಕೇಳಿದರೆ ಬಾಯಿ ಬಿಡಲಿಲ್ಲ.

"ಬಚ್ಚಲ ಕಿಟಕಿಯಿಂದ ದೊಡ್ಡ ಹಾಲಿನ ಹುಡುಗರು ಕೊಟ್ಟಿರ್ತಾರೆ, ಇವನೇ ಕೇಳಿ ತರಿಸ್ಕೊಂಡಿರ್ತಾನೆ" ಎಂದು ಸಾಹೇಬರು ತೀರ್ಮಾನಿಸಿದರು. "ಸಾಯಂಕಾಲ ಮಂಚ ಖಾಲಿ ಮಾಡಿಸಿ."

"ಈಗಷ್ಟೇ ದಾರಿಗೆ ಬರ್ತಿದ್ದಾನೆ ಸರ್" ಎಂದಳು ಡಾಕ್ಟರಮ್ಮ. "ಜ್ವರ ಮರುಕಳಿಸಿದೆ ಅಂತ ರೋಗೀನ ಬೀದಿಗೆ ಹಾಕ್ತೀವಾ? ಆ ದೊಡ್ಡ ಹಾಲಿಗೆ ಹಾಕಿದ್ರೆ ಈ ಹುಡುಗ ಮತ್ತೆ ನಮ್ಮ ಕೈಗೆ ಸಿಗಲ್ಲ."

"ಕೇಳಿ ತರಿಸ್ಕೊಂಡವನಿಗೆ ಇಲ್ಲಿ ಜಾಗ ಇಲ್ಲ. ಗೇಟಿಂದ ಬಂದಿದ್ರೆ ನಮ್ಮ ತಪ್ಪು ಅಂತ ಇಟ್ಕೋತಿದ್ದೆ. ಗೇಟಿಂದ ಬಂದಿಲ್ಲ. ಅಲ್ಲಿ ಮೂಸಕ್ಕ ಇದ್ದಾಳೆ."

ಸುದ್ದಿ ತಿಳಿದು ದರ್ಜಿ ಓಡಿ ಬಂದಳು. ನೇರ ಸಾಹೇಬರ ಕೋಣೆಗೆ ನುಗ್ಗಿ, ತಾನೇ ತಂದದ್ದು ಎಂದು ಒಪ್ಪಿಕೊಂಡಳು. ಕಾಲರಿನೊಳಗೆ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಇಟ್ಟು ಹೊಲಿದಿದ್ದೆ, ಬೇಕಾದರೆ ನೋಡಿ, ಕಾಲರಿನ ಹೊಲಿಗೆ ಬಿಚ್ಚಿಹೋಗಿದೆ ಎಂದಳು. ಸಾಹೇಬರು ನಂಬಲಿಲ್ಲ. ಬೆವರು ಕೋಣೆಯ ಹುಡುಗರು ಸಂಕಟ ತಾಳಲಾರದೆ ಕಾಲರು ಕಚ್ಚುತ್ತಾರೆ. ಅಲ್ಲಿ ಯಾರ ಕಾಲರೂ ನೆಟ್ಟಗಿರಲಿಲ್ಲ. ಮೂಸಕ್ಕನಿಗೆ ಮೂಗೇ ಇಲ್ಲ ಎಂದಾಗ ಅವರು ನಕ್ಕರು. "ಮಗನ್ನ ಉಳಿಸ್ಕೊಳ್ಳೋಕೆ ತಾಯಿ ಏನು ಬೇಕಾದ್ರೂ ಹೇಳ್ತಾಳೆ. ಸೊಲ್ಯೂಷನ್ ಆ ಮೇಜು ದಾಟಿ ಬರೋದಾ? ಹೋಗಮ್ಮ."

ದರ್ಜಿ ಗೇಟಿನ ಕೋಣೆಗೆ ಬಂದು ಮೇಜಿಗೆ ಎರಡೂ ಕೈ ಊರಿ ನಿಂತಳು.

"ಕೈ ತೆಗಿ" ಎಂದಳು ಮೂಸಕ್ಕ.

"ಯಾಕೆ, ಎಣ್ಣೆ ವಾಸನೆ ಬರ್ತಿದೆಯಾ?"

ಮೂಸಕ್ಕ ಟಬ್ಬಿಗೆ ಕೈ ಹಾಕಿ ಒಂದು ಬಟ್ಟೆ ಹಿಂಡಿದಳು.

"ಇವತ್ತು ಎಣ್ಣೆ ಇಲ್ಲ. ತೊಳ್ಕೊಂಡು ಬಂದಿದ್ದೀನಿ. ಮೊನ್ನೆ ಇತ್ತು, ಮೊಳಕೈವರೆಗೆ ಇತ್ತು. ಆ ಅಂಗೀನ ಮೂತಿ ತುಂಬ ಒತ್ಕೊಂಡು ನೀನು 'ಸರಿ' ಅಂದೆ. ಅವತ್ತೇ ಗೊತ್ತಾಯ್ತು ನನಗೆ."

"ಗೊತ್ತಾಗಿ ಏನು ಮಾಡ್ದೆ? ಮಗನಿಗೆ ವಿಷ ಹೊಲ್ಕೊಂಡು ಬಂದೆ."

"ಹೌದು, ಬಂದೆ." ದರ್ಜಿಯ ದನಿ ಒಡೆಯಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. "ಅವನು ನಡುಗೋದನ್ನ ನೀನು ನೋಡಿದ್ದೀಯಾ? ಹಲ್ಲು ಕಟಕಟ ಅಂತಿತ್ತು. 'ಒಂದೇ ಒಂದು ಸಲ ಅಮ್ಮ, ಇಲ್ಲಾಂದ್ರೆ ಸತ್ತೋಗ್ತೀನಿ' ಅಂದ. ಇವರು ಮಗನ್ನ ವಾಸಿ ಮಾಡ್ತಿಲ್ಲ, ಕೊಲ್ತಿದ್ದಾರೆ ಅನ್ನಿಸ್ತು. ಬುದ್ಧಿ ಕೆಟ್ಟಿತ್ತು. ನಿನಗೆ ಮೂಗಿದ್ದಿದ್ರೆ ಗೇಟಲ್ಲೇ ಸಿಕ್ಕಿಬೀಳ್ತಿದ್ದೆ, ನನ್ನ ಮಗ ಉಳೀತಿದ್ದ."

"ಓಹೋ. ತಪ್ಪು ನಂದಾ?"

"ಅರ್ಧ ನಿಂದು. ನನ್ನ ಅರ್ಧ ಒಪ್ಕೊಂಡು ಬಂದೆ, ಅವರು ತಗೊಳ್ಳಲಿಲ್ಲ. ನಿನ್ನ ಅರ್ಧ ನೀನು ಹೋಗಿ ಒಪ್ಕೋ."

"ಒಪ್ಕೊಂಡ್ರೆ ನನ್ನ ಕೆಲಸ ಹೋಗತ್ತೆ."

"ಒಪ್ಕೊಳ್ಳದಿದ್ರೆ ನನ್ನ ಮಗ ಹೋಗ್ತಾನೆ. ತೂಕ ನೀನೇ ಹಾಕ್ಕೋ. ಮೂಗಿಲ್ಲದಿದ್ರೂ ಕಣ್ಣಿದೆಯಲ್ಲ."

"ನಿನ್ನ ಮಗ ನನ್ನ ನೋಡಿದ್ರೆ ಬೊಗಳ್ತಾನೆ."

"ಬೊಗಳೋಕಾದ್ರೂ ಬದುಕಿರ್ಲಿ ಬಿಡು" ಎಂದು ದರ್ಜಿ ಹೊರಟುಹೋದಳು.

ಮೂಸಕ್ಕ ಕೂತೇ ಇದ್ದಳು. ಆ ಹುಡುಗನ ಮೇಲೆ ಅವಳಿಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. ತಾಯಿಯ ಮೇಲಂತೂ ಮೈಯೆಲ್ಲ ಉರಿ. ಆದರೆ ಸುಮ್ಮನಿದ್ದರೆ ಈ ಹೆಂಗಸು ಬದುಕಿರುವವರೆಗೂ ತನ್ನ ಮೂಗುದಾರ ಹಿಡಿದು ಎಳೆಯುತ್ತಾಳೆ. ಅದು ಒಂದು. ಇನ್ನೊಂದು, ಗಂಡನ ಕಾಲದ ಸಂಜೆಗಳು. ಬಾಗಿಲಲ್ಲಿ ವಾಸನೆ ತಿಳಿಯದೆ ಹೋಗಿದ್ದರೆ ಆ ರಾತ್ರಿ ಮನೆಯೊಳಗೆ ಪೆಟ್ಟು ತಿನ್ನುತ್ತಿದ್ದವನು ಮಗ. ಬಾಗಿಲು ಕಾಯುವವಳು ತಪ್ಪಿದರೆ ಒಳಗಿದ್ದವನು ಅನುಭವಿಸುತ್ತಾನೆ. ಇದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಎದ್ದು ಟಬ್ಬಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಸಾಹೇಬರ ಕೋಣೆಗೆ ಹೋದಳು.

"ಅಂಗಿ ನನ್ನ ಮೇಜಿಂದಲೇ ಹೋಗಿದ್ದು ಸಾಹೇಬ್ರೆ. ನನಗೆ ವಾಸನೆ ತಿಳಿಯಲ್ಲ."

ಸಾಹೇಬರು ಕನ್ನಡಕ ತೆಗೆದರು. "ಆ ದರ್ಜಿಗೂ ನಿನಗೂ ಯಾವಾಗ ರಾಜಿ ಆಯ್ತು?"

"ರಾಜಿನೂ ಇಲ್ಲ, ಪಾಜಿನೂ ಇಲ್ಲ. ಕಣ್ಣು ಮುಚ್ಕೋತೀನಿ. ಏನಾದ್ರೂ ಹಿಡೀರಿ."

ಸಾಹೇಬರು ಮೂಲೆಯಲ್ಲಿದ್ದ ಫಿನಾಯಿಲ್ ಬಾಟಲಿ ತಂದು, ಮುಚ್ಚಳ ತೆಗೆದು, ಅವಳ ಮೂಗಿನ ಕೆಳಗೆ ಹಿಡಿದರು. ಅವಳು ಕಣ್ಣು ಮುಚ್ಚಿಯೇ ನಿಂತಿದ್ದಳು.

"ಹಿಡೀರಿ ಸಾಹೇಬ್ರೆ" ಎಂದಳು.

ಸಾಹೇಬರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. "ಹಾಗಾದ್ರೆ ಇಷ್ಟು ದಿನ ಏನು ಮೂಸ್ತಿದ್ದೆ?"

"ಗಾಳಿ."

ಆಮೇಲೆ ಬಿದ್ದ ಬೈಗುಳ ಅಂಗಳದವರೆಗೂ ಕೇಳಿಸಿತು. ಗೇಟನ್ನು ಪೂರಾ ತೆರೆದಿಟ್ಟು ನಾಟಕ ಆಡಿದ್ದೀಯ ಎಂದರು. ಕುರ್ಚಿ ಅಲ್ಲಿಗೇ ಹೋಯಿತು. ದರ್ಜಿಗೆ ಮಗನ ಭೇಟಿ ಬಂದ್. ಡಾಕ್ಟರಮ್ಮ ಹೇಳುವವರೆಗೆ ಗೇಟಿನಲ್ಲಿ ಬಟ್ಟೆ ಕೊಟ್ಟು ಹೋಗಬಹುದು, ಅಷ್ಟೇ. ಪಂಕ್ಚರನ ಮಂಚ ಉಳಿಯಿತು. ಗೇಟಿನಿಂದ ಬಂದಿದ್ದರೆ ತಮ್ಮ ತಪ್ಪು ಎಂದು ಆಡಿದ ಮಾತನ್ನು ಸಾಹೇಬರು ನುಂಗುವಂತಿರಲಿಲ್ಲ. ಡಾಕ್ಟರಮ್ಮ ಎದುರಿಗೇ ನಿಂತಿದ್ದಳು.

ಮೂಸಕ್ಕನನ್ನು ಕೇಳಿ ಕರೆಸಿಕೊಂಡವಳೂ ಡಾಕ್ಟರಮ್ಮನೇ. ಬೆವರು ಕೋಣೆಯಲ್ಲಿ ವಾಂತಿ ತೊಳೆಯಲು ಬಂದ ಆಳುಗಳು ನಾತ ತಾಳದೆ ಒಬ್ಬರ ಹಿಂದೆ ಒಬ್ಬರು ಬಿಟ್ಟು ಹೋಗಿದ್ದರು. "ವಾಸನೆ ತಿಳಿಯದವಳಿಗೆ ಹೇಳಿ ಮಾಡಿಸಿದ ಜಾಗ" ಎಂದು ಸಾಹೇಬರು ಕುಟುಕಿದರು. ಮನೆಯಲ್ಲಿ ಸೊಸೆ, "ಕುರ್ಚಿ ಎಲ್ಲಿ ಅತ್ತೆ?" ಎಂದು ಕೇಳಿದಳು. ಆದರೂ ಅಂದಿನಿಂದ ಒಲೆಯ ಮೇಲೆ ಹಾಲಿಟ್ಟಾಗ ಸೊಸೆ ತಾನೇ ಕಾದು ನಿಲ್ಲತೊಡಗಿದಳು.

ಬೆವರು ಕೋಣೆಗೆ ಬಕೆಟ್ಟು ಹಿಡಿದು ಬಂದ ಮೊದಲ ದಿನ ಪಂಕ್ಚರ್ ತಲೆ ಎತ್ತಿದ. "ಬೌ" ಎಂದ. ಅರ್ಧಕ್ಕೇ ನೆಲಕ್ಕೆ ಬಗ್ಗಿ ವಾಂತಿ ಮಾಡಿದ.

"ಬೊಗಳೋಕೂ ತ್ರಾಣ ಇಲ್ಲ. ಬಾಯಿ ತೊಳ್ಕೋ ಮೊದಲು" ಎಂದು ಮೂಸಕ್ಕ ಮಗ್ಗು ಮುಂದಿಟ್ಟಳು.

ಕೆಲವು ದಿನ ಕಳೆದು ಗೇಟಿನಿಂದ ಅವನಿಗೊಂದು ಅಂಗಿ ಬಂತು. ಹೊಸ ಕಾವಲುಗಾರ ಅದನ್ನು ಮೂಸಕ್ಕನ ಕೈಗೆ ಕೊಟ್ಟ. ಹಳೆಯ ರೂಢಿ, ಅವಳು ಅದನ್ನು ಮೂಗಿಗೆ ಎತ್ತಿದಳು, ಆಮೇಲೆ ಇಳಿಸಿ ಬೆರಳು ಆಡಿಸಿದಳು. ಕಾಲರಿಲ್ಲ. ಜೇಬಿಲ್ಲ. ತೋಳಿನ ಅಂಚು ಮಡಿಸಿಲ್ಲ, ಕೆಳಗಿನ ಅಂಚೂ ಮಡಿಸಿಲ್ಲ; ಕತ್ತರಿಸಿದ ಹಾಗೇ ಬಿಟ್ಟು, ಸುತ್ತಲೂ ದಾರ ಜೋಲುತ್ತಿದೆ. ಏನನ್ನಾದರೂ ಅಡಗಿಸಲು ಒಂದು ಮಡಿಕೆಯೂ ಇಲ್ಲದ ಅಂಗಿ. ಮದುಮಗಳ ಬಟ್ಟೆ ಹೊಲಿಯುವ ಕೈ ಬೇಕೆಂದೇ ಹಾಗೆ ಬಿಟ್ಟಿತ್ತು. ದರ್ಜಿ ಅದನ್ನು ಎಲ್ಲರ ಎದುರು ಗೇಟಿನಲ್ಲಿ ಹರಡಿ ತೋರಿಸಿ ಹೋಗಿದ್ದಳಂತೆ.

ಪಂಕ್ಚರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ನಮ್ಮಮ್ಮ ಹೊಲಿದಿದ್ದಲ್ಲ. ನಮ್ಮಮ್ಮ ಇಂಥ ದರಿದ್ರ ಕೆಲಸ ಮಾಡಲ್ಲ."

"ಅವಳೇ ಹೊಲಿದಿದ್ದು. ದಾರ ಎಳೀಬೇಡ, ಪೂರ್ತಿ ಬಿಚ್ಕೊಳ್ಳತ್ತೆ."

ಅವನು ಕೈಯಲ್ಲಿದ್ದ ದಾರ ಬಿಟ್ಟ. ಆಮೇಲೆ ತಲೆ ತೂರಿಸಿ ತೊಟ್ಟುಕೊಂಡ. ಸಂಕಟ ಬಂದಾಗಿನ ಅಭ್ಯಾಸಕ್ಕೆ ಕಾಲರು ಕಚ್ಚಲು ಕತ್ತು ತಿರುಗಿಸಿದ. ಅಲ್ಲಿ ಕಾಲರೇ ಇರಲಿಲ್ಲ.

"ಅವಳಿಗೆ ಹೇಳು, ಚೆನ್ನಾಗಿಲ್ಲ ಅಂತ."

"ನಾನ್ಯಾಕೆ ಹೇಳ್ಲಿ? ಆ ಹೆಂಗಸಿನ ಜೊತೆ ನನಗೇನು ಮಾತು?" ಮೂಸಕ್ಕ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದಳು. "ಈ ಕೋಣೆಯಿಂದ ನೆಟ್ಟಗೆ ಹೊರಗೆ ಹೋಗು, ನೀನೇ ಹೇಳು."

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಬಕೆಟ್ಟು ಎತ್ತಿಕೊಂಡು ಪಕ್ಕದ ಮಂಚಕ್ಕೆ ಹೋದಳು.