ಮೊಮ್ಮಗಳ ಬೆನ್ನಿನ ಮೇಲೆ ಇಟ್ಟ ಕಾಲು

ಹೋದ ಭಾನುವಾರ ನನ್ನ ಮೊಮ್ಮಗಳು ಭೂಮಿಕಾ ಆರು ಬಾಲ್ ಹಾಕಿದಳು. ಆರೇ ಆರು. ಅದನ್ನು ಹೇಳುವುದಕ್ಕೆಂದೇ ಇಡೀ ಚಂದ್ರಾ ಲೇಔಟ್ ಸುತ್ತಿ ಬಂದಿದ್ದೇನೆ. ಹೂವಿನವಳಿಗೆ ಹೇಳಿದೆ, ಸೊಪ್ಪಿನವನಿಗೆ ಹೇಳಿದೆ, ಮೆಟ್ರೋದಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹುಡುಗಿಗೂ ಹೇಳಿದೆ. ಆ ಹುಡುಗಿ, "ಎಷ್ಟು ವಿಕೆಟ್ ಬಿತ್ತು ಆಂಟಿ?" ಎಂದು ಕೇಳಿದಳು. ವಿಕೆಟ್ಟೂ ಬೀಳಲಿಲ್ಲ, ಎದುರಿಗೆ ಬ್ಯಾಟ್ ಹಿಡಿದವರೂ ಇರಲಿಲ್ಲ. ಆದರೂ ನನಗೆ ನಗು ನಿಲ್ಲುತ್ತಿಲ್ಲ. ಯಾಕೆಂದು ತಿಳಿಯಬೇಕಾದರೆ ಹೋದ ವರ್ಷದಿಂದ ಹೇಳಬೇಕು.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ನಾನು ವಿಜಯನಗರದ ಒಂದು ಆಸ್ಟಿಯೋಪತಿ ಕ್ಲಿನಿಕ್ಕಿನಲ್ಲಿ ಆಯಾ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಆಸ್ಟಿಯೋಪತಿ ಎಂದರೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ನೋಡಿ, ಕೈಯಿಂದಲೇ ಸಡಿಲಿಸಿ, ಆಮೇಲೆ ವ್ಯಾಯಾಮ ಹೇಳಿಕೊಡುವ ಚಿಕಿತ್ಸೆ. ನಮ್ಮಲ್ಲಿಗೆ ಬರುವವರಲ್ಲಿ ಆಟದವರೇ ಹೆಚ್ಚು. ಓಡಿ ಓಡಿ ಮೊಣಕಾಲಿನ ಕೆಳಗೆ ನೋವು ಮಾಡಿಕೊಂಡವರು, ಷಟಲ್ ಆಡಿ ಭುಜ ಹಿಡಿದುಕೊಂಡವರು, ಕಬಡ್ಡಿಯಲ್ಲಿ ಪಾದ ಉಳುಕಿಸಿಕೊಂಡವರು. ಟೇಬಲ್ಲಿಗೆ ಬಟ್ಟೆ ಹಾಸುವುದು, ಐಸ್ ಪ್ಯಾಕ್ ತಂದುಕೊಡುವುದು, ಟೋಕನ್ ಕೂಗುವುದು ನನ್ನ ಕೆಲಸ. ಇನ್ನೊಂದು ಕೆಲಸವನ್ನು ಡಾಕ್ಟರೇ ಕಲಿಸಿದ್ದರು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡಬೇಕು. ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ, ಗೋಡೆ ಹಿಡಿಯುತ್ತಾರಾ, ಹಿಮ್ಮಡಿ ಯಾವ ಕಡೆ ಸವೆದಿದೆ.

"ಒಳಗೆ ಬಂದ್ಮೇಲೆ ಎಲ್ಲಾರೂ ನೆಟ್ಟಗೆ ನಿಂತ್ಕೋತಾರೆ ರತ್ನಮ್ಮ. ನಿಜ ಕಾಣೋದು ಬಾಗಿಲಲ್ಲೇ," ಎನ್ನುತ್ತಿದ್ದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಚಪ್ಪಲಿ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿತ್ತು.

ಅದಕ್ಕಿಂತ ಹಳೆಯ ಜಂಬ ಇನ್ನೊಂದು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಕೆಂಗೇರಿ ಆಚೆಯ ನಮ್ಮ ಹಳ್ಳಿಯಲ್ಲಿ, ನಾನು ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ, ಮೀಸೆ ಹೊತ್ತ ಗಂಡಸರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ನಮ್ಮ ಜಗಲಿ ಮೇಲೆ ಬೋರಲು ಮಲಗುತ್ತಿದ್ದರು. ಕ್ಲಿನಿಕ್ಕಿಗೆ ಸೇರಿದ ಹೊಸದರಲ್ಲಿ ಯಾರೋ ಇದನ್ನು ಡಾಕ್ಟರ ಕಿವಿಗೆ ಹಾಕಿದರು. ಅವರು ನನ್ನನ್ನು ಕರೆದು, "ಇಲ್ಲಿ ನನ್ನ ಎರಡು ಕೈ ಸಾಕು. ನಿಮ್ಮ ಕಾಲು ಇನ್ಮೇಲೆ ನಡೆಯೋದಕ್ಕೆ ಮಾತ್ರ," ಎಂದರು. ಒಪ್ಪಿಕೊಂಡೆ. ಹದಿನೆಂಟು ವರ್ಷ ಆ ಮಾತು ಉಳಿಸಿಕೊಂಡೆ.

ಭೂಮಿಕಾ ನನ್ನ ಮಗಳು ಸವಿತಾಳ ಮಗಳು. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಆಗ ಅವಳಿಗೆ ಹದಿನೈದು ವರ್ಷ, ಫಾಸ್ಟ್ ಬೌಲರ್. ಶಾಲೆಯ ಟೀಮು, ಸಂಜೆ ಕೋಚಿಂಗು, ಭಾನುವಾರದ ಮ್ಯಾಚು, ಹೀಗೆ ಮೂರು ಕಡೆ ಬೌಲ್ ಮಾಡುತ್ತಿದ್ದಳು. ಒಂದು ಕಡೆ ಎಷ್ಟು ಹಾಕಿದಳೆಂಬುದು ಇನ್ನೊಂದು ಕಡೆಯವರಿಗೆ ಗೊತ್ತಿರುತ್ತಿರಲಿಲ್ಲ. ಹದಿನಾರು ವರ್ಷದೊಳಗಿನವರ ಟೀಮಿನ ಆಯ್ಕೆಗೆ ಇನ್ನು ಹತ್ತೇ ದಿನ ಉಳಿದಿತ್ತು.

ಆ ಬೆಳಿಗ್ಗೆ ನಾನು ತಾರಸಿಯ ಮೇಲೆ ಬಟ್ಟೆ ಒಣಗಿ ಹಾಕುತ್ತಿದ್ದೆ. ಮೊದಲು ಅದು ಭೂಮಿಕಾಳ ಕೆಲಸ. ಒಂದು ತಿಂಗಳಿನಿಂದ ಅವಳು ಹಗ್ಗದ ಹತ್ತಿರ ಬರುತ್ತಿರಲಿಲ್ಲ. ಸೋಮಾರಿ ಕತ್ತೆ ಎಂದು ದಿನಾ ಬೈಯುತ್ತಿದ್ದೆ. ಅವತ್ತು ತಾನಾಗಿಯೇ ಮೆಟ್ಟಿಲು ಹತ್ತಿ ಬಂದಳು.

"ಅಜ್ಜಿ, ಸೊಂಟ ಹಿಡ್ಕೊಂಡಿದೆ. ಒಂದ್ಸಲ ಒದ್ದುಬಿಡು."

"ನಡಿ, ಡಾಕ್ಟ್ರಿಗೆ ತೋರಿಸ್ತೀನಿ."

"ಬೇಡ ಅಜ್ಜಿ! ಅವರು ರೆಸ್ಟ್ ಅಂತಾರೆ. ರೆಸ್ಟ್ ಅಂದ್ರೆ ಸೆಲೆಕ್ಷನ್ ಗೋವಿಂದ. ಊರೋರಿಗೆಲ್ಲ ಒದ್ದಿದೀಯ, ನಂಗೊಂದು ಒದೆಯೋಕಾಗಲ್ವಾ?"

"ಎಷ್ಟು ದಿನ ಆಯ್ತು?"

"ನೆನ್ನೆಯಿಂದ ಕಣಜ್ಜಿ."

ಬೇರೆ ಯಾರಾದರೂ ಆಗಿದ್ದರೆ ಅದು ಸುಳ್ಳೆಂದು ಮುಖ ನೋಡಿಯೇ ಹೇಳುತ್ತಿದ್ದೆ. ಆದರೆ ಅವಳು ಆಗಲೇ ಒಣ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಅಂಗೈ ಮೇಲಿಟ್ಟು ನಗುತ್ತಿದ್ದಳು. ಇಷ್ಟು ವರ್ಷವಾದ ಮೇಲೂ ಯಾರಿಗೋ ನನ್ನ ಕಾಲು ಬೇಕಾಯಿತಲ್ಲ ಎಂಬ ಹಿಗ್ಗೂ ನನಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಮೊದಲೆರಡು ಸಲ ಸುಮ್ಮನೆ ಮುಟ್ಟಿಸಿದೆ. "ಇನ್ನೂ ಸ್ವಲ್ಪ ಜೋರಾಗಿ ಅಜ್ಜಿ," ಎಂದಳು. ಮೂರನೆಯ ಸಲ ಹಗ್ಗ ಹಿಡಿದುಕೊಂಡು ಭಾರ ಬಿಟ್ಟೆ.

ಅವಳ ಉಸಿರು ಅರ್ಧದಲ್ಲಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಎದ್ದು, "ಬಿಡ್ತು ಅಜ್ಜಿ," ಎಂದು ನಕ್ಕು ಕೆಳಗಿಳಿದಳು. ಗೋಡೆ ಹಿಡಿದುಕೊಂಡು ಇಳಿದಳು. ನಾನು ನೋಡಿದೆ, ನೋಡಿಯೂ ಬಟ್ಟೆ ಹಿಂಡುತ್ತಾ ನಿಂತೆ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಮಾರನೆಯ ಬೆಳಿಗ್ಗೆ ಅವಳಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗಲಿಲ್ಲ. ನಾನು ಕೆಲಸಕ್ಕೆ ಹೊರಟುಬಿಟ್ಟಿದ್ದೆ. ಹತ್ತು ಗಂಟೆಗೆ ಕ್ಲಿನಿಕ್ಕಿನ ಮುಂದೆ ಒಂದು ಆಟೋ ನಿಂತಿತು. ಯಾರೆಂದು ನೋಡಲು ಎಂದಿನಂತೆ ಬಾಗಿಲಿಗೆ ಹೋದೆ. ಭೂಮಿಕಾ ಅಮ್ಮನ ಎರಡೂ ಭುಜ ಹಿಡಿದು, ನೆಲ ನೋಡದೆ, ಚಪ್ಪಲಿಯಿಂದ ಪಾದ ಜಾರಿಸಿದಳು.

ಡಾಕ್ಟರು ಅವಳನ್ನು ಎಡಗಾಲಿನ ಮೇಲೆ ನಿಲ್ಲಿಸಿ, ಸ್ವಲ್ಪವೇ ಹಿಂದಕ್ಕೆ ಬಾಗಲು ಹೇಳಿದರು. ಅವಳು ಕಿರುಚಿದಳು. ಅವರು ತಟ್ಟನೆ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು. ಆ ಕೈಗಳು ಹಾಗೆ ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ನಿಜ ಹೇಳು ಪುಟ್ಟಾ. ಎಷ್ಟು ದಿನದಿಂದ?"

"ಒಂದೂವರೆ ತಿಂಗಳು ಅಂಕಲ್. ಕೈ ಮೇಲೆತ್ತಿದ್ರೆ ಚುಚ್ಚುತ್ತೆ. ಬಟ್ಟೆ ಒಣಗ್ಹಾಕೋಕೂ ಆಗಲ್ಲ."

ನನ್ನ ಕೈಯಲ್ಲಿ ಐಸ್ ಪ್ಯಾಕ್ ಇತ್ತು. ಅಂಗೈ ಮರಗಟ್ಟಿದರೂ ಕೆಳಗಿಡಲು ತೋಚಲಿಲ್ಲ.

"ಸ್ಕ್ಯಾನ್ ಆಗೋವರೆಗೂ ನಾನು ಮುಟ್ಟಲ್ಲ," ಎಂದು ಹೇಳಿ ಡಾಕ್ಟರು ಹೊರಗೆ ಬಂದರು. ನಾನು ಹೇಳಿಬಿಟ್ಟೆ, "ಸಾರ್, ನೆನ್ನೆ ನಾನು ಕಾಲಿಟ್ಟೆ."

ಅವರು ಬೈಯಲಿಲ್ಲ. "ಎಷ್ಟು ಜೋರಾಗಿ?" ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮತ್ತೆ ಒಳಗೆ ಹೋಗಿ, ಕಾಲು ಜುಮ್ಮೆನ್ನುತ್ತಿದೆಯಾ, ಒಂದಕ್ಕೆ ಹೋಗಲು ತೊಂದರೆಯಾಯಿತಾ ಎಂದೆಲ್ಲ ಕೇಳಿ, ಬೆರಳು ಆಡಿಸು ಎಂದರು. ನಾನು ಆ ಹತ್ತು ಬೆರಳುಗಳನ್ನೇ ನೋಡುತ್ತಾ ನಿಂತೆ. ಹತ್ತೂ ಆಡಿದವು.

ಸವಿತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಟೋ ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಹದಿನೆಂಟು ವರ್ಷ ಇಲ್ಲಿ ಏನ್ ಮಾಡ್ದೆ ಅಮ್ಮ ನೀನು? ಬರೀ ಬಟ್ಟೆ ಹಾಸಿದ್ಯಾ?" ಎಂದಳು.

ಎಂ.ಆರ್.ಐ. ರಿಪೋರ್ಟ್ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಸವಿತಾ ನನ್ನ ಜೊತೆ ಮಾತಾಡಲಿಲ್ಲ. ಭೂಮಿಕಾಳ ಕೋಣೆಯ ಹೊಸ್ತಿಲು ದಾಟಲು ನನಗೆ ಧೈರ್ಯ ಬರಲಿಲ್ಲ. ಸ್ನಾನ ಮಾಡುವಾಗ ಎಡಗಾಲನ್ನು ನೋಡದೆ ತೊಳೆದುಕೊಂಡೆ. ಎಪ್ಪತ್ತರ ಹತ್ತಿರ ಬಂದ ಜೀವ, ಈ ಕಾಲು ಬಿದ್ದು ಹೋಗಲಿ, ಮಗು ಎದ್ದು ನಡೆಯಲಿ ಎಂದು ದೇವರ ಗೂಡಿನ ಮುಂದೆ ಕೂತು ಅತ್ತೆ. ದೇವರಿಗೂ ನನ್ನ ಮೇಲೆ ಬೇಜಾರಿರಬೇಕು, ದೀಪ ಎರಡು ಸಲ ಆರಿತು.

ರಿಪೋರ್ಟಿನಲ್ಲಿ ಸ್ಟ್ರೆಸ್ ಫ್ರಾಕ್ಚರ್ ಎಂದಿತ್ತು. ಬೆನ್ನುಮೂಳೆಯ ಕೆಳಗಿನ ಒಂದು ಕೊಂಡಿಯಲ್ಲಿ, ಎಡಗಡೆ, ಕೂದಲೆಳೆಯಷ್ಟು ಬಿರುಕು. ವೇಗವಾಗಿ ಬೌಲ್ ಮಾಡುವ ಮಕ್ಕಳಿಗೆ ಇದು ಬರುವುದುಂಟಂತೆ. ಮೂಳೆ ಡಾಕ್ಟರು ಮೂರು ತಿಂಗಳಾದರೂ ಓಡುವಂತಿಲ್ಲ, ಬೌಲಿಂಗಿನ ಮಾತೇ ಎತ್ತುವಂತಿಲ್ಲ ಎಂದರು. ಮುಂದೆ ಮೊದಲಿನ ವೇಗ ಬರುತ್ತದಾ ಎಂದು ಸವಿತಾ ಕೇಳಿದ್ದಕ್ಕೆ, "ಈಗಲೇ ಹೇಳೋಕಾಗಲ್ಲ," ಎಂದರು.

ನಮ್ಮ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. "ಈ ಬಿರುಕು ನಿಮ್ಮ ಕಾಲಿಂದ ಬಂದಿದ್ದಲ್ಲ ರತ್ನಮ್ಮ. ವಾರಗಟ್ಟಲೆ ಹಿಂದಿಂದು. ಅವಳ ಸೊಂಟದ ಕೀಲು ಬಿಗಿ, ಮೇಲ್ಬೆನ್ನು ಬಿಗಿ. ಬಾಗೋದೆಲ್ಲ ಒಂದೇ ಮೂಳೆ ಮೇಲೆ ಬಿದ್ದಿದೆ. ತಂತಿನ ಒಂದೇ ಜಾಗದಲ್ಲಿ ಬಗ್ಗಿಸ್ತಾ ಇದ್ರೆ ಏನಾಗುತ್ತೆ? ಹಾಗೆ. ಆದ್ರೆ ಒಂದು ಮಾತು. ಅಂಥ ಮೂಳೆ ಮೇಲೆ ನೀವು ನಿಂತ್ರಿ. ಉಳೀತು, ಅದು ನಮ್ಮ ಪುಣ್ಯ."

ಆಯ್ಕೆಯ ದಿನ ಭೂಮಿಕಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೌಲಿಂಗ್ ಶೂವನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಿದ್ದಳು. ಅನ್ನ ಕಲಸಿಕೊಂಡು ಹೋಗಿ ಮೊದಲ ಸಲ ಹೊಸ್ತಿಲು ದಾಟಿದೆ. ಎರಡು ತುತ್ತು ತಿಂದು, ತಿರುಗಿ ನೋಡದೆಯೇ ಹೇಳಿದಳು, "ನಾನು ಕೇಳಿದ್ದು ತಪ್ಪೇ. ಆದ್ರೆ ನೀನು ಬೇಡ ಅನ್ಬೇಕಿತ್ತು ಅಜ್ಜಿ."

ತಟ್ಟೆ ಎತ್ತಿಕೊಂಡು ಬರುವಾಗ ಆ ಶೂವನ್ನೂ ತಂದು ನನ್ನ ಮಂಚದ ಕೆಳಗಿಟ್ಟೆ.

ಚಿಕಿತ್ಸೆ ಹೇಗೆ ನಡೆಯಿತೆಂದು ಹೇಳುತ್ತೇನೆ, ಆಟವಾಡುವ ಮಕ್ಕಳಿರುವ ಮನೆಯವರಿಗೆ ಉಪಯೋಗವಾದೀತು. ಮೊದಲ ತಿಂಗಳು ಬರೀ ವಿಶ್ರಾಂತಿ, ಬೆನ್ನಿಗೆ ಬೆಲ್ಟು. ಆಮೇಲೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಡಾಕ್ಟರು ಕೈಯಿಂದ ಚಿಕಿತ್ಸೆ ಮಾಡಿದರು. ಬಿರುಕಿದ್ದ ಜಾಗವನ್ನು ಅವರು ಮುಟ್ಟಲೇ ಇಲ್ಲ. ಪಕ್ಕೆಲುಬು, ತೊಡೆಯ ಸಂದು, ಪಾದದ ಕೀಲು, ಅಲ್ಲೆಲ್ಲ ಬೆಣ್ಣೆ ಕರಗಿಸುವ ಹಾಗೆ ನಿಧಾನವಾಗಿ ಬಿಗಿ ಸಡಿಲಿಸಿದರು. ಸುತ್ತಲಿನ ಕೀಲುಗಳು ತಮ್ಮ ಪಾಲಿನ ಕೆಲಸ ಮಾಡಿದರೆ ನೊಂದ ಮೂಳೆಗೆ ಬಿಡುವು ಸಿಗುತ್ತದೆ ಎನ್ನುವುದು ಅವರ ಲೆಕ್ಕ. ಹೊಟ್ಟೆಯ, ಬೆನ್ನಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಆಮೇಲೆ ಬಂತು. ಮನೆಯಲ್ಲಿ ಅದನ್ನು ಮಾಡಿಸುವುದು ನನ್ನ ಪಾಲಿಗೆ ಬಿತ್ತು.

ಒಂಬತ್ತನೆಯ ವಾರ ತಾರಸಿಗೆ ಹೋದರೆ, ಅವಳು ನೀರಿನ ಟ್ಯಾಂಕಿನ ಗೋಡೆಗೆ ಬಾಲ್ ಎಸೆದು ಸೊಂಟ ಹಿಡಿದು ಕೂತಿದ್ದಳು. ಒಂದೇ ಬಾಲಂತೆ.

"ಡಾಕ್ಟ್ರಿಗೆ ಹೇಳ್ಬೇಡ ಅಜ್ಜಿ, ನಿನ್ನ ದಮ್ಮಯ್ಯ."

ಅಲ್ಲೇ ನಿಂತು, ಅವಳ ಎದುರಿಗೇ ಫೋನ್ ಮಾಡಿದೆ. ಮತ್ತೆ ಮೂರು ವಾರ ಎಲ್ಲ ನಿಂತಿತು. "ಚಾಡಿ ಅಜ್ಜಿ" ಎಂದು ಹೆಸರಿಟ್ಟು ಹದಿನೈದು ದಿನ ಮಾತು ಬಿಟ್ಟಳು. ಬಿಟ್ಟರೆ ಬಿಡಲಿ ಎಂದು ಬಾಯಲ್ಲಿ ಅಂದುಕೊಂಡೆ, ಮೂಲೆಯಲ್ಲಿ ಕೂತು ಅತ್ತೆ. ಸವಿತಾ ಮಾತ್ರ ಅವತ್ತಿನಿಂದ ನನಗೆ ಕಾಫಿ ತಂದು ಕೈಗೆ ಕೊಡಲು ಶುರುಮಾಡಿದಳು.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಬಿರುಕು ಕೂಡಿಕೊಂಡಿತ್ತು. ನಡಿಗೆ, ಆಮೇಲೆ ಓಟ. ಬೌಲಿಂಗಿಗೆ ಒಪ್ಪಿಗೆ ಸಿಕ್ಕಿದ್ದು ಹತ್ತನೆಯ ತಿಂಗಳು. ಮೊದಲು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು, ಮೊದಲ ದಿನ ಆರು ಬಾಲ್, ಅರ್ಧ ವೇಗ, ಮೂರೂ ಕಡೆಗೆ ಸೇರಿ ಒಂದೇ ಲೆಕ್ಕ. ಡಾಕ್ಟರ ಚೀಟಿಯನ್ನು ಕೋಚ್‌ಗೆ ಕೊಟ್ಟೆ.

"ನಾನು ಎಣಿಸ್ತೀನಿ ಬಿಡಿ ಆಂಟಿ," ಎಂದರು ಅವರು.

"ನೀವೂ ಎಣಿಸಿ ಸಾರ್, ನಾನೂ ಎಣಿಸ್ತೀನಿ," ಎಂದು ಮೈದಾನದ ಅಂಚಿನಲ್ಲಿ ಕೂತೆ. ಮುಷ್ಟಿಯಲ್ಲಿ ಆರು ಹುಣಸೆ ಬೀಜ, ಮಡಿಲಲ್ಲಿ ಅಡಿಕೆ ಡಬ್ಬಿ. ಬಾಲಿಗೊಂದು ಬೀಜ.

ಅವಳು ಓಡಿ ಬಂದಳು. ಕೈ ಮೇಲೆ ಹೋಯಿತು, ಬೆನ್ನು ಬಾಗಿತು, ನಾನು ಕಣ್ಣು ಮುಚ್ಚಿದೆ. ಬಾಲ್ ನೆಲಕ್ಕೆ ಬಿದ್ದ ಸದ್ದು ಕೇಳಿತು. ಬೇರೆ ಸದ್ದೇನೂ ಬರಲಿಲ್ಲ. ಒಂದು ಬೀಜ ಡಬ್ಬಿಗೆ ಹಾಕಿದೆ. ಎರಡು. ಮೂರು. ನಾಲ್ಕನೆಯದಕ್ಕೆ ಕಣ್ಣು ಬಿಟ್ಟೇ ನೋಡಿದೆ. ಆರನೆಯದು ಹಾಕಿ ನನ್ನ ಹತ್ತಿರ ಓಡಿ ಬಂದಳು. ಬೆವರು ಸುರಿಯುತ್ತಿದೆ, ಹಲ್ಲೆಲ್ಲ ಕಾಣುತ್ತಿದೆ.

"ನೋವೇ ಇಲ್ಲ ಅಜ್ಜಿ! ಇನ್ನೊಂದು. ಒಂದೇ ಒಂದು, ಪ್ಲೀಸ್."

ಅದೇ ಮುಖ, ಅದೇ ನಗು. ತಾರಸಿಯ ಮೇಲೆ ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ್ದಾಗಿನದೇ. ಹಾಕಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಹದಿನೆಂಟು ವರ್ಷ ಕೆಲಸ ಮಾಡಿದ ಜಾಗದಲ್ಲಿ ನಾನು ಕೊನೆಗೆ ಕಲಿತಿದ್ದು ಒಂದೇ ಮಾತು. ಯಾರ ಮೇಲೆ ಪ್ರಾಣವಿಟ್ಟುಕೊಂಡಿರುತ್ತೇವೋ ಅವರಿಗೇ ಅದನ್ನು ಹೇಳುವುದು ಕಷ್ಟ, ಅವರಿಗೇ ಹೇಳಬೇಕಾದ್ದು ಹೆಚ್ಚು.

ಡಬ್ಬಿಯ ಮುಚ್ಚಳ ಹಾಕಿ, "ಬೇಡ," ಎಂದೆ.

ಅವಳು ಮೂತಿ ಉಬ್ಬಿಸಿದಳು, ಆಮೇಲೆ ನಕ್ಕಳು. ಮನೆಗೆ ಬಂದು ಶೂ ಕಳಚಿ, ಬಕೆಟ್ಟಿನಲ್ಲಿದ್ದ ಬಟ್ಟೆ ಎತ್ತಿಕೊಂಡು ತಾರಸಿಗೆ ಹೋದಳು. ನಾನೂ ಹಿಂದೆಯೇ ಹೋದೆ. ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಒಂದೊಂದೇ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ಕೊನೆಯದು ನನ್ನ ಸೀರೆ.