ಬಾಯಿಗೆ ಅಡ್ಡ ಹಿಡಿದ ಕೈ

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿಯ ಹಲ್ಲು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನು ಬಂತು, ಅವಳು ಈ ಮನೆಯ ಹೊಸ್ತಿಲು ತುಳಿದ ದಿನದಿಂದಲೂ ಉರಿಯೇ. ರುದ್ರಪಟ್ಟಣದವಳು, ಹೊಳೆ ನೀರು ಕುಡಿದು ಬೆಳೆದವಳು. ನಕ್ಕರೆ ತೆಂಗಿನಕಾಯಿ ಹೋಳಿನ ಬಿಳುಪು. ನಾನು ಚನ್ನರಾಯಪಟ್ಟಣದ ಕಡೆಯವಳು. ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂದು ಊರಿಗೆ ಗೊತ್ತಾಗುವ ಹೊತ್ತಿಗೆ ನನ್ನ ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ತುಟಿ ಬಿಗಿಹಿಡಿದು ಕೂತಿದ್ದೆ.

ನಮ್ಮಿಬ್ಬರಿಗೂ ಒಂದೇ ವಯಸ್ಸಿನ ಹೆಣ್ಣುಮಕ್ಕಳು. ನಾವು ದುದ್ದದಲ್ಲಿ ಅತ್ತೆಯ ಜೊತೆ, ಅವರು ಹಾಸನದಲ್ಲಿ. ಮಕ್ಕಳಿಗೆ ಮೂರು ವರ್ಷವಾಗಿದ್ದಾಗ ಯುಗಾದಿ ಊಟಕ್ಕೆ ಬಂದವಳು ಹೇಳಿದಳು: "ಅಕ್ಕಾ, ಪಾಪು ಹಲ್ಲಿಗೆ ಫ್ಲೋರೈಡ್ ಬಳಿಸ್ಕೊಂಡ್ ಬಂದೆ. ಆರು ತಿಂಗ್ಳಿಗೊಂದ್ಸಲ ಬಳಿಸಿದ್ರೆ ಹುಳುಕು ಕಮ್ಮಿಯಂತೆ. ನಿಮ್ಮವ್ಳನ್ನೂ ಕರ್ಕೊಂಬನ್ನಿ, ಜೊತೇಲೇ ಓಗಣ."

ಫ್ಲೋರೈಡ್! ನನ್ನ ನಗುವನ್ನೇ ತಿಂದುಹಾಕಿದ ಹೆಸರು. ಕೇಳಿ ಮೈ ಉರಿಯಿತು. ಒಳಗೊಳಗೇ ಖುಷಿಯೂ ಆಯಿತು ಅನ್ನಿ, ಕೊನೆಗೂ ಅವಳದೊಂದು ತಪ್ಪು ಸಿಕ್ಕಿತಲ್ಲ! ಅತ್ತೆಯ ಎದುರಿಗೇ ಅಂದೆ: "ವಿಷ ಕಣೇ ಅದು. ನನ್ ಹಲ್ ನೋಡು. ಅದಕ್ಕೇ ಅಲ್ವಾ ನಾವು ಫಿಲ್ಟರ್ ನೀರು ಕ್ಯಾನಲ್ಲಿ ಹೊತ್ಕೊಂಡ್ ಬರೋದು? ಅದನ್ನ ಯಾರಾದ್ರೂ ಕೈಯಾರೆ ಮಗೂಗೆ ಬಳಿಸ್ತಾರಾ?"

"ಬ್ಯಾಡ ಬುಡವ್ವ," ಎಂದರು ಅತ್ತೆ ಅವಳಿಗೆ. "ಹಾಲಲ್ಲು, ಎಂಗಿದ್ರೂ ಬಿದ್ದೋಯ್ತವೆ."

ನಾನು ಗೆದ್ದೆ. ಆ ದಿನ ಎರಡು ಒಬ್ಬಟ್ಟು ಜಾಸ್ತಿಯೇ ತಿಂದೆ. ಆಮೇಲೆ ಫ್ಲೋರೈಡ್ ಇಲ್ಲದ ಟೂತ್‌ಪೇಸ್ಟ್ ಹುಡುಕಿಸಿ ತರಿಸಿದೆ. ಕರೆಯುವ ಹಸು ಇದ್ದ ಮನೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗಳು ನಿದ್ದೆ ಹೋಗುತ್ತಿದ್ದಳು. ಅದರ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಐದು ತುಂಬುವಷ್ಟರಲ್ಲಿ ಮಗಳ ಮುಂದಿನ ಹಲ್ಲುಗಳು ಕರ್ರಗಾಗಿ ಮೊಂಡಾದವು. ಫೋಟೊಗೆ ನಿಲ್ಲಿಸಿದರೆ ವಾರಗಿತ್ತಿಯ ಮಗಳು ಕಿಲಕಿಲ ನಗುವಳು, ನನ್ನವಳು ಅಂಗೈಯಿಂದ ಬಾಯಿ ಮುಚ್ಚುವಳು. ಅತ್ತೆ ಬೇಡವೆಂದರೂ ವಾರಗಿತ್ತಿ ಫ್ಲೋರೈಡ್ ಬಳಿಸುವುದನ್ನು ಬಿಟ್ಟಿರಲಿಲ್ಲ. ಆ ಪುಟ್ಟ ಮಗುವಿನ ಮೇಲೂ ಹೊಟ್ಟೆಕಿಚ್ಚುಪಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ದವಡೆ ಹಲ್ಲು ಕೆಟ್ಟು ಕೆನ್ನೆ ಊದಿ ಮಗಳು ಅನ್ನ ಬಿಟ್ಟಾಗ ಬೇರೆ ದಾರಿ ಕಾಣದೆ ವಾರಗಿತ್ತಿಗೇ ಫೋನ್ ಮಾಡಿದೆ. ಹಾಸನದ ಹಲ್ಲಿನ ಡಾಕ್ಟರಮ್ಮ ಮೂರು ಸಲ ಕರೆಸಿಕೊಂಡರು. ಆ ಹಲ್ಲು ಕಿತ್ತರು, ಮುಂದಿನವನ್ನು ಬೆಳ್ಳಗೆ ತುಂಬಿದರು. ಕೊನೆಗೆ ಪುಟ್ಟ ಬ್ರಷ್ಷಿನಲ್ಲಿ ಫ್ಲೋರೈಡ್ ಬಳಿಯಲು ಬಂದಾಗ ನಾನು ತಡೆದು ನನ್ನ ಹಲ್ಲು ತೋರಿಸಿದೆ.

"ನೀವು ಚಿಕ್ಕೋರಿದ್ದಾಗ ವರ್ಷಗಟ್ಟಲೆ ದಿನಾ ಕುಡಿದಿದ್ದು ಅದು. ಇದು ಹಲ್ಲಿನ ಮೇಲೆ ತೆಳ್ಳಗೆ ಹಚ್ಚೋದು. ಎರಡು ವರ್ಷ ಮುಂಚೆ ಬಂದಿದ್ರೆ ಇಷ್ಟೊಂದು ಆಗ್ತಿರಲಿಲ್ಲವೇನೋ," ಎಂದರು.

ನಾನು ನೆಲ ನೋಡಿದೆ. ಜೊತೆಗೆ ಬಂದಿದ್ದ ವಾರಗಿತ್ತಿ ಮಗಳ ತಲೆ ಸವರಿದಳು. ಚುಚ್ಚಿ ಮಾತಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕುರ್ಚಿಯ ಮೇಲಿದ್ದ ಮಗಳು ಗಟ್ಟಿಯಾಗಿ ಹಿಡಿದುಕೊಂಡದ್ದೂ ಚಿಕ್ಕಮ್ಮನ ಕೈಯನ್ನೇ.

ಬಸ್ ಸ್ಟ್ಯಾಂಡಿನವರೆಗೂ ಅವಳು ಬಂದಳು. ಬಾಯಿ ತೆಗೆಯಲು ಮಗಳು ಮಾಡಿದ ರಂಪವನ್ನು ಅಭಿನಯಿಸಿ ತೋರಿಸಿದಳು. ಎಲ್ಲರಿಗೂ ನಗು. ಮಗಳು ಥಟ್ಟನೆ ಕೈ ಅಡ್ಡ ಹಿಡಿದಳು.

"ಈಗ್ಯಾಕೆ ಪುಟ್ಟಿ ಮುಚ್ಕೋತೀಯಾ? ಹಲ್ಲು ಚೆನ್ನಾಗಾಗಿದಾವಲ್ಲ!" ಎಂದೆ.

"ನೀನೂ ಮುಚ್ಕೊಂಡಿದೀಯಲ್ಲಮ್ಮ."

ಹೌದು, ನನ್ನ ಸೆರಗು ಬಾಯಿಯ ಮೇಲಿತ್ತು. ಎದುರಿಗೆ ವಾರಗಿತ್ತಿ, ಅಷ್ಟೂ ಹಲ್ಲು ಬಿಟ್ಟುಕೊಂಡು. ಸೆರಗು ಇಳಿಸಿದೆ. ಅವಳ ಮುಂದೆ ಮೊದಲ ಸಲ ಬಾಯಿ ತುಂಬ ನಕ್ಕೆ. ಉರಿ ಆರಿತೇ ಎಂದರೆ, ಎಲ್ಲಿ ಆರೀತು! ಮಗಳು ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಅವಳೂ ಕೈ ಇಳಿಸಿದಳು.